ಬೇಸಿಗೆಯ ಕೈತೋಟಕ್ಕೆ ನೆರಳು ಪರದೆ: ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನವರಿಗೆ ಹಂತ ಹಂತದ ಮಾರ್ಗದರ್ಶಿ

ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾಗುವ ಹೊತ್ತಿಗೆ ನಮ್ಮ ಊರುಗಳ ಹಾರ್ಡ್‌ವೇರ್ ಅಂಗಡಿಗಳ ಮುಂದೆ ಹಸಿರು ಶೇಡ್ ನೆಟ್ಟಿನ ಸುರುಳಿಗಳು ಬಂದು ನಿಲ್ಲುತ್ತವೆ. ಕಾರಿಗೆ ನೆರಳು, ಕೊಟ್ಟಿಗೆಗೆ ಮರೆ, ಕಟ್ಟಡಕ್ಕೆ ಪರದೆ, ಕೈತೋಟಕ್ಕೆ ಚಪ್ಪರ, ಎಲ್ಲಕ್ಕೂ ಅದೇ ಬಲೆ. ಅಂಗಡಿಯವರು ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ, ತಂದವರು ಗಿಡಗಳ ನೆತ್ತಿಯ ಮೇಲೆ ಬಿಗಿಯುತ್ತಾರೆ. ತಿಂಗಳು ಕಳೆಯುವುದರೊಳಗೆ ಟೊಮೆಟೊ ಗಿಡ ಎದೆಯೆತ್ತರ ಬೆಳೆದು ಕಣ್ಣಿಗೆ ಹಬ್ಬವಾಗಿರುತ್ತದೆ. ಕಾಯಿ ಹುಡುಕಿದರೆ ಬೆರಳೆಣಿಕೆಯಷ್ಟು.

ತಪ್ಪು ಬಲೆಯದಲ್ಲ. ಬೇಕಾದದ್ದಕ್ಕಿಂತ ದಟ್ಟವಾದ ಬಲೆ, ಬೇಕಾದದ್ದಕ್ಕಿಂತ ತಗ್ಗಾಗಿ ಕಟ್ಟಿ, ಬೆಳಗ್ಗೆ, ಸಂಜೆ, ಮೋಡ ಎನ್ನದೆ ಮೂರು ತಿಂಗಳು ಹಾಗೆಯೇ ಬಿಟ್ಟರೆ ಬೇರೇನೂ ಆಗುವುದಿಲ್ಲ. ನಮ್ಮ ಸೀಮೆಗೆ ಬೇಕಾದದ್ದು ತೆಳುವಾದ ಪರದೆ, ಎತ್ತರದ ಚಪ್ಪರ, ಪಶ್ಚಿಮಕ್ಕೆ ಇಳಿಬಿದ್ದ ಒಂದು ಅಂಚು, ಮತ್ತು ಬೇಕೆಂದಾಗ ಸರಿಸಲು ಬರುವ ಕಟ್ಟು. ಈ ನಾಲ್ಕನ್ನು ಹೇಗೆ ಮಾಡಿಕೊಳ್ಳುವುದು ಎಂಬುದನ್ನು ಇಲ್ಲಿ ವಿವರವಾಗಿ ಹೇಳುತ್ತೇನೆ.

ಪರದೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಬಲೆ ಕಟ್ಟಿದರೆ ತೋಟ ತಂಪಾಗುತ್ತದೆ ಎನ್ನುವುದು ಅರ್ಧ ಸತ್ಯ. ನಾಲ್ಕೂ ಬದಿ ತೆರೆದ ಚಪ್ಪರದ ಕೆಳಗೆ ಗಾಳಿಯ ಉಷ್ಣಾಂಶ ಇಳಿಯುವುದು ಒಂದೆರಡು ಡಿಗ್ರಿ ಮಾತ್ರ. ನಿಜವಾಗಿ ತಂಪಾಗುವುದು ಎಲೆ, ಕಾಯಿ ಮತ್ತು ಮಣ್ಣು, ಏಕೆಂದರೆ ಅವುಗಳ ಮೇಲೆ ನೇರವಾಗಿ ಬೀಳುತ್ತಿದ್ದ ಬಿಸಿಲು ಕಡಿಮೆಯಾಗುತ್ತದೆ. ಹೊದಿಕೆಯಿಲ್ಲದ ಒಣ ಕೆಂಪು ಮಣ್ಣಿನ ಮೇಲ್ಮೈ ಏಪ್ರಿಲ್ ಮಧ್ಯಾಹ್ನದಲ್ಲಿ 50 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ. ಬರಿಗಾಲಿನಲ್ಲಿ ನಿಂತವರಿಗೆ ಇದು ಗೊತ್ತು. ಎಳೆ ಸಸಿಯ ಕಾಂಡ ಸುಟ್ಟು ಸೊರಗುವುದು ಆ ಮೇಲ್ಮೈಗೆ ತಾಗುವ ಕಡೆಯಲ್ಲಿಯೇ.

ಬದಿಗಳನ್ನೂ ನೆಲದವರೆಗೆ ಮುಚ್ಚಿದರೆ ಲೆಕ್ಕ ತಲೆಕೆಳಗಾಗುತ್ತದೆ. ಒಳಗಿನ ಬಿಸಿಗಾಳಿಗೆ ಹೊರಗೆ ಹೋಗಲು ದಾರಿಯಿರುವುದಿಲ್ಲ. ಕಪ್ಪು ಅಥವಾ ಕಡು ಹಸಿರು ಬಲೆ ತಾನೇ ಕಾದು ಕೆಳಕ್ಕೆ ಶಾಖ ಸೂಸುತ್ತದೆ. ಹೊರಗಿಗಿಂತ ಒಳಗೇ ಸೆಕೆ ಹೆಚ್ಚಾಗುತ್ತದೆ. ಜೇನ್ನೊಣಗಳೂ ಒಳಗೆ ಬರುವುದಿಲ್ಲ. ಸೌತೆ, ಕುಂಬಳ, ಹೀರೆಯಂಥ ಬಳ್ಳಿಗಳಲ್ಲಿ ಹೂ ಬಿದ್ದು ಕಾಯಿ ನಿಲ್ಲುವುದಿಲ್ಲ.

ಇನ್ನೊಂದು ಮಿತಿಯನ್ನೂ ಮೊದಲೇ ತಿಳಿದಿರುವುದು ಒಳ್ಳೆಯದು. ಟೊಮೆಟೊದ ಪರಾಗ ಹಗಲಿನ ಬಿಸಿಯಿಂದ ಕೆಡುವಂತೆ ಬೆಚ್ಚನೆಯ ರಾತ್ರಿಯಿಂದಲೂ ಕೆಡುತ್ತದೆ. ಹಗಲು 35 ಡಿಗ್ರಿಯ ಸುತ್ತ ಏರಿ, ರಾತ್ರಿಯೂ 24–25ರ ಕೆಳಗೆ ಇಳಿಯದಿದ್ದರೆ ಹೂ ಉದುರುತ್ತದೆ. ರಾತ್ರಿಯ ಬಿಸಿಗೆ ಪರದೆಯಲ್ಲಿ ಮದ್ದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಪಟ್ಟಣಗಳು ಸಮುದ್ರಮಟ್ಟದಿಂದ ಎಂಟುನೂರು, ಒಂಬೈನೂರು ಮೀಟರ್ ಆಸುಪಾಸಿನ ಎತ್ತರದಲ್ಲಿರುವುದರಿಂದ ಬೇಸಿಗೆಯ ರಾತ್ರಿಗಳು ಇನ್ನೂ ಸಹನೀಯ. ಅದರಿಂದಲೇ ಇಲ್ಲಿ ಹಗಲಿನ ನಡುವಿನ ಕೆಲವು ಗಂಟೆಗಳನ್ನು ದಾಟಿಸಿದರೆ ಗಿಡ ಸುಧಾರಿಸಿಕೊಳ್ಳುತ್ತದೆ. ಪಾವಗಡ, ಗೌರಿಬಿದನೂರು ಕಡೆ ನೆಲ ತಗ್ಗು, ಬಿಸಿಲು ಒಂದು ಕೈ ಹೆಚ್ಚು. ಅಲ್ಲಿಯವರು ಮುಂದೆ ಹೇಳುವ ಪ್ರಮಾಣಗಳಲ್ಲಿ ಮೇಲಿನದನ್ನು ಆರಿಸಿಕೊಳ್ಳಬಹುದು.

ಯಾವ ಗಿಡಕ್ಕೆ ನೆರಳು, ಯಾವುದಕ್ಕೆ ಬೇಡ

ಎಲ್ಲ ತರಕಾರಿಗೂ ನೆರಳು ಬೇಕೆಂದು ಭಾವಿಸಿ ಇಡೀ ತೋಟಕ್ಕೆ ಬಲೆ ಕೊಳ್ಳುವುದು ದುಡ್ಡು ದಂಡ. ದಂಟು ಸೊಪ್ಪು ಬಿಸಿಲಿಗೆ ಹುಟ್ಟಿದ ಬೆಳೆ. ಬೆಂಡೆ, ಗೋರಿಕಾಯಿ, ಅಲಸಂದೆ, ಬದನೆ, ನುಗ್ಗೆ ಬೇಸಿಗೆಯನ್ನು ತಾವೇ ನಿಭಾಯಿಸುತ್ತವೆ. ಹೀರೆ, ಹಾಗಲ, ಪಡವಲಕ್ಕೆ ಬೇರಿನ ಹತ್ತಿರ ತೇವ ಮತ್ತು ಹೊದಿಕೆ ಇದ್ದರೆ ಸಾಕು. ಮಧ್ಯಾಹ್ನ ಅವುಗಳ ಎಲೆ ಜೋತುಬಿದ್ದರೆ ಗಾಬರಿಯಾಗಬೇಡಿ. ಸಂಜೆ ಬಿಸಿಲು ಇಳಿದ ಮೇಲೆ ಎಲೆ ಮತ್ತೆ ನೆಟ್ಟಗಾದರೆ ಗಿಡ ಚೆನ್ನಾಗಿದೆ ಎಂದೇ ಅರ್ಥ. ಬೆಳಗ್ಗೆಯೂ ಜೋತೇ ಇದ್ದರೆ ಮಾತ್ರ ಬೇರು ನೋಡಬೇಕು.

ನೆರಳಿನಿಂದ ನಿಜವಾಗಿ ಲಾಭವಾಗುವ ಬೆಳೆಗಳ ಪಟ್ಟಿ ಚಿಕ್ಕದು. ಮೊದಲನೆಯದು ಸಸಿಮಡಿ. ಕೋಲಾರ ಸುತ್ತಲಿನ ನರ್ಸರಿಗಳು ಸಸಿ ಬೆಳೆಸುವ ಗುಳಿತಟ್ಟೆಗಳಾದ ಪ್ರೋಟ್ರೇಗಳನ್ನು ಬಲೆಯ ಕೆಳಗೆ ಇಡುವುದು ಸುಮ್ಮನೆ ಅಲ್ಲ. ಆಮೇಲೆ ಕೊತ್ತಂಬರಿ, ಮೆಂತ್ಯ, ಪಾಲಕ್, ಪುದೀನ: ಬಿಸಿ ಹೆಚ್ಚಾದರೆ ಕೊತ್ತಂಬರಿ ಎಲೆ ಬಿಡುವ ಮೊದಲೇ ಹೂವಿಗೆ ಹೋಗುತ್ತದೆ, ಸೊಪ್ಪು ಕೈಗೆ ಸಿಗುವುದೇ ಇಲ್ಲ. ದಪ್ಪ ಮೆಣಸಿನಕಾಯಿ ಮತ್ತು ಬೀನ್ಸ್ ಹೂ ಉದುರಿಸುವುದರಲ್ಲಿ ಟೊಮೆಟೊಗಿಂತ ಮುಂದು. ಎಲೆಕೋಸು, ನವಿಲುಕೋಸನ್ನು ಬೇಸಿಗೆಯಲ್ಲಿ ಬೆಳೆಯುವ ಹಟ ಇರುವವರಿಗೆ ನೆರಳು ಬೇಕೇ ಬೇಕು. ನನ್ನ ಮಟ್ಟಿಗೆ ಅದನ್ನು ಚಳಿಗಾಲಕ್ಕೆ ಬಿಡುವುದೇ ಸರಿ.

ಟೊಮೆಟೊದ ಕತೆ ಸ್ವಲ್ಪ ಬೇರೆ. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದೆಂದು ಹೆಸರಾದ ಕೋಲಾರದ ಎಪಿಎಂಸಿಗೆ ಹಣ್ಣು ಬರುವುದು ಬಹುಪಾಲು ಬಯಲು ಹೊಲಗಳಿಂದ. ಬಲೆಯಿಲ್ಲದೆ ಬೆಳೆಯುವುದಿಲ್ಲ ಎಂದೇನೂ ಇಲ್ಲ. ಆದರೆ ಮನೆಯ ಹಿತ್ತಲಿನ ಹತ್ತಿಪ್ಪತ್ತು ಗಿಡಗಳಲ್ಲಿ ಎರಡು ತೊಂದರೆ ಕಣ್ಣಿಗೆ ಹೊಡೆಯುತ್ತವೆ. ಒಂದು, ಪಶ್ಚಿಮಕ್ಕೆ ಮುಖ ಮಾಡಿದ ಕಾಯಿಗಳ ಮೇಲೆ ಬಿಳಿಚಿದ, ಕಾಗದದಂತೆ ತೆಳುವಾದ ಸುಟ್ಟ ಕಲೆ. ಇನ್ನೊಂದು, ಪೂರ್ತಿ ಕೆಂಪಾಗದೆ ತೊಟ್ಟಿನ ಸುತ್ತ ಹಳದಿ, ಕಿತ್ತಳೆಯಾಗಿಯೇ ಉಳಿಯುವ ಹಣ್ಣು. ಕೆಂಪು ಬಣ್ಣ ಕೊಡುವ ಲೈಕೋಪೀನ್ 30 ಡಿಗ್ರಿಯ ಮೇಲೆ ಸರಿಯಾಗಿ ಉತ್ಪತ್ತಿಯಾಗುವುದಿಲ್ಲ, ಹಳದಿಯ ಕೆರೋಟಿನ್ ಮಾತ್ರ ಆಗುತ್ತಲೇ ಇರುತ್ತದೆ. ಬಿಸಿಲಿಗೆ ಒಡ್ಡಿದ ಹಣ್ಣು ಸುತ್ತಲಿನ ಗಾಳಿಗಿಂತಲೂ ಹೆಚ್ಚು ಬಿಸಿಯಾಗುವುದರಿಂದ ತೆಳು ನೆರಳು ಇಲ್ಲಿ ಕೆಲಸಕ್ಕೆ ಬರುತ್ತದೆ. ಬಲೆ ಕೊಳ್ಳುವ ಮೊದಲು ಮಾಡಬಹುದಾದ ಖರ್ಚಿಲ್ಲದ ಕೆಲಸವೂ ಒಂದಿದೆ: ಮಾರ್ಚಿನ ನಂತರ ಗಿಡದ ಪಶ್ಚಿಮ ಬದಿಯ ಎಲೆಗಳನ್ನು ಕೀಳದಿರುವುದು.

ಅಂಗಡಿಯಲ್ಲಿ ಆರಿಸುವುದು

ಶೇಡ್ ನೆಟ್ಟನ್ನು ಶೇಕಡಾ ಲೆಕ್ಕದಲ್ಲಿ ಮಾರುತ್ತಾರೆ: 35, 50, 75, 90. ಶೇಕಡಾ 75 ಎಂದರೆ ಮುಕ್ಕಾಲು ಬೆಳಕನ್ನು ತಡೆದು ಕಾಲು ಭಾಗವನ್ನು ಒಳಗೆ ಬಿಡುವ ಬಲೆ. ಸಣ್ಣ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು 75 ಅಥವಾ 90. ಕಾರಿಗೂ ಕಟ್ಟಡಕ್ಕೂ ಹೋಗುವುದು ಅದೇ. ತರಕಾರಿಗೆ ಅದನ್ನು ತರಬೇಡಿ. ಟೊಮೆಟೊ, ದಪ್ಪ ಮೆಣಸಿನಕಾಯಿಗೆ 35, ಸಿಗದಿದ್ದರೆ 50. ಸೊಪ್ಪು ಮತ್ತು ಸಸಿಗಳಿಗೆ 50. ಇದಕ್ಕಿಂತ ದಟ್ಟವಾದದ್ದು ಅಲಂಕಾರದ ಗಿಡಗಳಿಗೆ ಸರಿ. 35ರ ಬಲೆ ಬೇಕಾದರೆ ಹನಿ ನೀರಾವರಿ ಸಾಮಗ್ರಿ ಮಾರುವ ಅಂಗಡಿಯಲ್ಲಿ ಕೇಳಿ, ಅಲ್ಲಿ ಸಿಗುವ ಸಂಭವ ಹೆಚ್ಚು.

ಬಲೆಯ ಮೇಲೆ ಬರೆದ ಶೇಕಡಾವಾರು ಯಾವಾಗಲೂ ನಿಜವಿರುತ್ತದೆ ಎಂದು ನಂಬಬೇಕಾಗಿಲ್ಲ. ಮೊಬೈಲಿನಲ್ಲಿ ಬೆಳಕು ಅಳೆಯುವ ಉಚಿತ ಆ್ಯಪ್‌ಗಳಿವೆ. ಬೇಸಿಗೆಯ ನಡುಹಗಲಿನ ನೇರ ಬಿಸಿಲು ಒಂದು ಲಕ್ಷ ಲಕ್ಸ್ ಆಸುಪಾಸು ಇರುತ್ತದೆ. ಮೊದಲು ಬಯಲಿನಲ್ಲಿ, ಆಮೇಲೆ ಬಲೆಯ ತುಂಡಿನ ಕೆಳಗೆ ಮೊಬೈಲನ್ನು ಮೇಲ್ಮುಖವಾಗಿ ಇಟ್ಟು ನೋಡಿ. ಮೊಬೈಲಿನ ಅಂಕಿ ನಿಖರವಲ್ಲ, ಆದರೆ ಎರಡರ ಅನುಪಾತ ಸಾಕಷ್ಟು ನಂಬಲರ್ಹ. ಅರ್ಧಕ್ಕಿಂತ ತೀರಾ ಕಡಿಮೆ ತೋರಿಸಿದರೆ ಅದು 50ರ ಬಲೆಯಲ್ಲ.

ಬಣ್ಣದ ವಿಷಯದಲ್ಲಿ ನನ್ನ ಆಯ್ಕೆ ಬಿಳಿ. ಬಿಳಿ ಬಲೆ ಬಿಸಿಲನ್ನು ಪ್ರತಿಫಲಿಸುತ್ತದೆ, ಒಳಗೆ ಬಿಡುವ ಬೆಳಕನ್ನೂ ಚದುರಿಸುವುದರಿಂದ ಕೆಳಗಿನ ಎಲೆಗಳಿಗೂ ಬೆಳಕು ಸಿಗುತ್ತದೆ, ತಾನು ಹೆಚ್ಚು ಕಾಯುವುದಿಲ್ಲ. ಕೊರತೆಯೆಂದರೆ ಕೆಂಪು ದೂಳು ಹಿಡಿದು ಕೊಳೆಯಾಗುತ್ತದೆ ಮತ್ತು ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲ. ಕಪ್ಪು ಬಲೆ ಕಾಯುತ್ತದೆ, ಆದರೆ ಬೆಳಕಿನ ಬಣ್ಣವನ್ನು ಬದಲಿಸುವುದಿಲ್ಲ, ಹೆಚ್ಚು ದಿನ ಬಾಳುತ್ತದೆ. ಹಸಿರು ಬಲೆಗೆ ನಮ್ಮಲ್ಲಿ ಇರುವ ಜನಪ್ರಿಯತೆಗೆ ಕಣ್ಣಿಗೆ ತಂಪು ಎನ್ನುವುದೇ ಮುಖ್ಯ ಕಾರಣವಿರಬೇಕು; ಗಿಡಕ್ಕೆ ಅದರಿಂದ ವಿಶೇಷ ಅನುಕೂಲವಿಲ್ಲ. ಬೇರೆ ಸಿಗದಿದ್ದರೆ ಹಸಿರೇ ತನ್ನಿ, ಎತ್ತರದಲ್ಲಿ ಕಟ್ಟಿದರೆ ಆಯಿತು.

ನೇಯ್ಗೆಯನ್ನು ಹತ್ತಿರದಿಂದ ನೋಡಿ. ಚಪ್ಪಟೆ ಪಟ್ಟಿಯಂಥ ಎಳೆಯದು ಅಗ್ಗ. ಮೀನುಬಲೆಯ ದಾರದಂತೆ ದುಂಡಗಿನ ಎಳೆಯದು ದುಬಾರಿಯಾದರೂ ಗಾಳಿಗೆ ತಡೆಯುತ್ತದೆ. ಎರಡರಲ್ಲೂ ಬಿಸಿಲಿನ ಅತಿನೇರಳೆ ಕಿರಣವನ್ನು ತಾಳಿಕೊಳ್ಳುವಂತೆ ಪ್ಲಾಸ್ಟಿಕ್ಕಿಗೆ ಯುವಿ ಸಂಸ್ಕಾರ ಮಾಡಿದೆಯೇ ಎಂದು ವಿಚಾರಿಸಿ. ಆ ಸಂಸ್ಕಾರವಿಲ್ಲದ ಬಲೆ ಒಂದೆರಡು ಬೇಸಿಗೆಯಲ್ಲಿ ಉಗುರಿನಿಂದ ಕೆರೆದರೆ ಪುಡಿಯಾಗುತ್ತದೆ.

ಸೂರ್ಯನ ದಾರಿ ನೋಡಿಕೊಳ್ಳುವುದು

ಕಂಬ ನೆಡುವ ಮೊದಲಿನ ಈ ಕೆಲಸವನ್ನು ಬಹುತೇಕ ಯಾರೂ ಮಾಡುವುದಿಲ್ಲ. ಚಪ್ಪರದ ಯಶಸ್ಸು ನಿಂತಿರುವುದು ಇದರ ಮೇಲೆಯೇ.

ದೂರದ ದೇಶಗಳ ತೋಟಗಾರಿಕೆ ಸಲಹೆಗಳಲ್ಲಿ ದಕ್ಷಿಣದ ಕಡೆ ಪರದೆ ಕಟ್ಟಿ ಎಂದಿರುತ್ತದೆ. ಆ ಮಾತು ನಮಗೆ ಹೊಂದುವುದಿಲ್ಲ. ನಾವಿರುವುದು 13 ಡಿಗ್ರಿ ಉತ್ತರ ಅಕ್ಷಾಂಶದ ಸುತ್ತ. ಏಪ್ರಿಲ್ 25–26ರ ಹೊತ್ತಿಗೆ ನಡುಹಗಲಿನಲ್ಲಿ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಇರುತ್ತಾನೆ. ಶೂನ್ಯ ನೆರಳಿನ ದಿನವೆಂದು ಶಾಲಾ ಮಕ್ಕಳು ಬಾಟಲಿ ನಿಲ್ಲಿಸಿ ನೋಡುವುದು ಆಗಲೇ. ಅಲ್ಲಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ನಮಗಿಂತ ಉತ್ತರಕ್ಕಿರುತ್ತಾನೆ. ಹಾಗಾಗಿ ಬೇಸಿಗೆಯಲ್ಲಿ ದಕ್ಷಿಣಕ್ಕೆ ಮರೆ ಕಟ್ಟುವುದು ಗಾಳಿಯನ್ನು ತಡೆದುಕೊಂಡಂತೆ, ಅಷ್ಟೇ.

ಕಾಟ ಬರುವುದು ಪಶ್ಚಿಮದಿಂದ. ಎಂಟು ಅಡಿ ಎತ್ತರದ ಚಪ್ಪರವೊಂದನ್ನು ಊಹಿಸಿಕೊಳ್ಳಿ. ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನ ಹನ್ನೆರಡೂಕಾಲಿಗೆ ಅದರ ನೆರಳು ಸರಿಯಾಗಿ ಅದರ ಕೆಳಗೇ ಬೀಳುತ್ತದೆ. ಮೂರು ಗಂಟೆಗೆ ನೆರಳು ಸುಮಾರು ಏಳು ಅಡಿ ಪೂರ್ವಕ್ಕೆ ಸರಿದಿರುತ್ತದೆ. ನಾಲ್ಕಕ್ಕೆ ಹನ್ನೊಂದು ಅಡಿ. ಅಂದರೆ ದಿನದ ಅತಿ ಬಿಸಿ ಹೊತ್ತಾದ ಎರಡೂವರೆ, ಮೂರು ಗಂಟೆಯಲ್ಲಿ ನಿಮ್ಮ ನೆರಳು ಪೂರ್ವದ ದಾರಿಯ ಮೇಲೆ ಬಿದ್ದಿರುತ್ತದೆ, ಪಶ್ಚಿಮದ ಸಾಲಿನ ಗಿಡಗಳು ಬಿಸಿಲಿನಲ್ಲಿಯೇ ನಿಂತಿರುತ್ತವೆ. ಬಲೆ ಕಟ್ಟಿದರೂ ಗಿಡ ಸುಟ್ಟಿತು ಎಂದು ದೂರುವವರ ತೋಟಕ್ಕೆ ಮೂರು ಗಂಟೆಗೆ ಹೋಗಿ ನೋಡಿದರೆ ಕಾರಣ ನೆಲದ ಮೇಲೆಯೇ ಕಾಣುತ್ತದೆ.

ಇದಕ್ಕೆ ಪರಿಹಾರ ಎರಡು. ಚಪ್ಪರದ ಉದ್ದ ಪೂರ್ವ–ಪಶ್ಚಿಮವಾಗಿರಲಿ. ಆಗ ಪಶ್ಚಿಮಕ್ಕೆ ತೆರೆದುಕೊಳ್ಳುವುದು ಕಿರಿದಾದ ಬದಿ. ಆ ಬದಿಯಲ್ಲಿ ಬಲೆಯನ್ನು ನಾಲ್ಕು ಅಡಿ ಕೆಳಕ್ಕೆ ಇಳಿಬಿಡಿ, ಕೆಳಗಿನ ನಾಲ್ಕು ಅಡಿ ಗಾಳಿಗೆ ತೆರೆದಿರಲಿ. ಹೀಗೆ ಮಾಡಿದರೆ ಮೂರು ಗಂಟೆಗೆ ಬಿಸಿಲು ಒಳನುಗ್ಗುವುದು ಮೂರು ಅಡಿಯಷ್ಟು ಮಾತ್ರ. ಆ ಮೂರಡಿಯಲ್ಲಿ ದಂಟು ಸೊಪ್ಪು ಬಿತ್ತಿ. ಲೆಕ್ಕವನ್ನು ಪರೀಕ್ಷಿಸಲು ಎಂಟು ಅಡಿಯ ಗಳವೊಂದನ್ನು ನೆಟ್ಟು, ಮಧ್ಯಾಹ್ನ ಎರಡು, ಮೂರು, ನಾಲ್ಕು ಗಂಟೆಗೆ ಅದರ ತುದಿಯ ನೆರಳು ಬಿದ್ದಲ್ಲಿ ಒಂದೊಂದು ಕಲ್ಲಿಡಿ. ಪಕ್ಕದ ಮನೆಯ ಗೋಡೆ, ತೆಂಗು, ಹೊಂಗೆಯ ನೆರಳು ಎಷ್ಟು ಹೊತ್ತಿಗೆ ಬರುತ್ತದೆ ಎಂಬುದೂ ಆಗಲೇ ಗೊತ್ತಾಗುತ್ತದೆ. ನಾಲ್ಕರ ಮೇಲೆ ಮರದ ನೆರಳು ಬರುವ ಜಾಗವಾದರೆ ಅರ್ಧ ಕೆಲಸ ಪುಕ್ಕಟೆಯಾಗಿ ಆದಂತೆ.

ಪಶ್ಚಿಮ ಅಂಚಿನಲ್ಲಿ ಜೋಳ, ಮುಸುಕಿನ ಜೋಳ ಅಥವಾ ಅಗಸೆಯ ಸಾಲು ಬೆಳೆಸುವ ಪದ್ಧತಿಯೂ ಒಳ್ಳೆಯದೇ. ಫೆಬ್ರವರಿಯಲ್ಲೇ ಬಿತ್ತಿರಬೇಕು, ಅದಕ್ಕೂ ನೀರು ಕೊಡಬೇಕು ಎಂಬುದನ್ನು ಮರೆಯಬಾರದು.

ಚಪ್ಪರ ಕಟ್ಟುವುದು

ಬಲೆಯ ಅಗಲವನ್ನು ನೋಡಿ ಚಪ್ಪರದ ಅಳತೆ ತೀರ್ಮಾನಿಸಿ. ಮೂರು ಮೀಟರ್ ಅಗಲದ ಸುರುಳಿ ಸಾಮಾನ್ಯವಾಗಿ ಸಿಗುತ್ತದೆ. ಅಂದರೆ ಹತ್ತು ಅಡಿಗೆ ಎರಡು ಅಂಗುಲ ಕಡಿಮೆ. ಅಂಚು ಮಡಿಚಲು ಬಿಟ್ಟು ಒಂಬತ್ತು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಚಪ್ಪರ ಮಾಡಿದರೆ ಎಲ್ಲಿಯೂ ಹೊಲಿಯುವ ಅಗತ್ಯವಿಲ್ಲ. ಇಪ್ಪತ್ತು ಅಡಿ ಉದ್ದಕ್ಕೆ, ನಾಲ್ಕಡಿ ಇಳಿಬಿಡಲಿಕ್ಕೆ, ತುದಿಗಳ ಮಡಿಕೆಗೆ ಸೇರಿ ಎಂಟು ಮೀಟರ್ ಬಲೆ ಸಾಕು. ನಾಲ್ಕೈದು ಜನರ ಮನೆಯ ಸೊಪ್ಪು, ಟೊಮೆಟೊ, ಒಂದು ಸಸಿಮಡಿಗೆ ಈ ಜಾಗ ಧಾರಾಳ.

ಕಂಬಗಳು ಆರು. ಪೂರ್ವದ ಬದಿಯಲ್ಲಿ ಮೂರು, ಪಶ್ಚಿಮದಲ್ಲಿ ಮೂರು. ಉದ್ದದ ಬದಿಗಳಲ್ಲಿ ನಡುವೆ ಕಂಬ ಬೇಡ, ಏಕೆಂದರೆ ಬಲೆ ಅಲ್ಲಿ ಪರದೆಯಂತೆ ಸರಿದಾಡಬೇಕು. ಟೊಮೆಟೊಗೆ ಊರುಗೋಲಾಗಿ ಬಳಸುವ ನೀಲಗಿರಿ ಗಳಗಳು ನಮ್ಮಲ್ಲಿ ಹೇರಳ, ಆದರೆ ಅವು ತೀರಾ ಸಪೂರ. ಮುಂಗೈ ದಪ್ಪದವನ್ನು ಆರಿಸಿ. ಸರ್ವೆ ಕಂಬವೂ ಆಗುತ್ತದೆ. ಹಳೆಯ ದ್ರಾಕ್ಷಿ ಚಪ್ಪರದ ಕಲ್ಲುಕಂಬ ಸಿಕ್ಕರೆ ಅದಕ್ಕಿಂತ ಮಿಗಿಲಾದದ್ದಿಲ್ಲ, ಗೆದ್ದಲಿನ ಮಾತೇ ಇಲ್ಲ. ಮರದ ಕಂಬವಾದರೆ ಬುಡದ ಎರಡೂವರೆ ಅಡಿಗೆ ಬೆಂಕಿಯಲ್ಲಿ ಮೇಲ್ಮೈ ಕರಕಲಾಗುವಂತೆ ಸುಟ್ಟು ಡಾಂಬರು ಬಳಿಯಿರಿ. ಗಾಡಿಯ ಹಳೆ ಆಯಿಲ್ ಬಳಿಯುವ ರೂಢಿ ಇದೆ. ತಿನ್ನುವ ತರಕಾರಿ ಬೆಳೆಯುವ ಮಣ್ಣಿಗೆ ಅದು ಬೇಡ.

ಉತ್ತರದ ಜೋಡಿ ಕಂಬ ಹತ್ತು ಅಡಿಯದು, ನಡುವಿನ ಜೋಡಿ ಒಂಬತ್ತೂವರೆ, ದಕ್ಷಿಣದ್ದು ಒಂಬತ್ತು. ಎಲ್ಲವೂ ಎರಡಡಿ ನೆಲದೊಳಗೆ. ಆಗ ಚಪ್ಪರ ಉತ್ತರದಲ್ಲಿ ಎಂಟಡಿ, ದಕ್ಷಿಣದಲ್ಲಿ ಏಳಡಿ ನಿಲ್ಲುತ್ತದೆ. ಈ ಇಳಿಜಾರಿನಿಂದ ಬಿಸಿಗಾಳಿ ಎತ್ತರದ ಕಡೆಯಿಂದ ಹೊರಹೋಗುತ್ತದೆ, ಉದುರಿದ ಎಲೆ ನಡುವೆ ನಿಲ್ಲುವುದಿಲ್ಲ. ಬೇಸಿಗೆಯ ಕೆಂಪು ಮಣ್ಣು ಹಾರೆಗೂ ಬಗ್ಗುವುದಿಲ್ಲ. ಹಿಂದಿನ ಸಂಜೆ ಗುಂಡಿಯ ಜಾಗಕ್ಕೆ ಎರಡು ಬಿಂದಿಗೆ ನೀರು ಸುರಿದಿಟ್ಟರೆ ಬೆಳಗ್ಗೆ ಸಲೀಸು. ಕಂಬ ಇಳಿಸಿ, ಸುತ್ತ ಕಲ್ಲು, ಮಣ್ಣನ್ನು ಪದರ ಪದರವಾಗಿ ಹಾಕಿ ಹಾರೆಯ ಹಿಂಬದಿಯಿಂದ ಗುದ್ದಿ. ಮೇಲೆ ವಿದ್ಯುತ್ ತಂತಿ ಹಾದುಹೋಗಿದ್ದರೆ ಜಾಗವನ್ನೇ ಬದಲಿಸಿ.

ಪ್ರತಿ ಬದಿಯ ಮೂರು ಕಂಬಗಳ ತಲೆಗೆ ಅಡ್ಡಲಾಗಿ ಒಂದು ಗಳ ಕಟ್ಟಿ. ಇನ್ನು ಸ್ಟೇ ತಂತಿ. ಮುಖ್ಯ ತಂತಿಗಳನ್ನು ಬಿಗಿದಾಗ ಕಂಬಗಳು ಒಳಕ್ಕೆ ವಾಲುತ್ತವೆ. ಅವನ್ನು ಹಿಂದಕ್ಕೆ ಎಳೆದು ಹಿಡಿಯುವುದು ಈ ತಂತಿ. ಪೂರ್ವದ ಕಂಬಗಳಿಗೆ ಪೂರ್ವಕ್ಕೆ, ಪಶ್ಚಿಮದವಕ್ಕೆ ಪಶ್ಚಿಮಕ್ಕೆ, ಕಂಬದಿಂದ ಐದಾರು ಅಡಿ ದೂರದಲ್ಲಿ ಎರಡಡಿ ಗುಂಡಿ ತೋಡಿ, ತಂತಿ ಸುತ್ತಿದ ಸೈಜುಗಲ್ಲೊಂದನ್ನು ಹೂತು ಮಣ್ಣು ಗುದ್ದಿ, ತಂತಿಯ ಇನ್ನೊಂದು ತುದಿಯನ್ನು ಕಂಬದ ತಲೆಗೆ ಬಿಗಿಯಿರಿ. ದ್ರಾಕ್ಷಿ ಚಪ್ಪರ ಕಟ್ಟುವವರು ಮಾಡುವುದು ಇದನ್ನೇ. ನಿಮ್ಮ ಊರಿನಲ್ಲಿ ಆ ಕೆಲಸ ಬಲ್ಲವರಿದ್ದರೆ ಅರ್ಧ ದಿನದ ಕೂಲಿ ಕೊಟ್ಟು ಕರೆಸಿಕೊಳ್ಳಿ, ತಂತಿ ಬಿಗಿಯುವ ಕೈಚಳಕ ಬರಹದಲ್ಲಿ ಹೇಳಿ ಬರುವಂಥದ್ದಲ್ಲ. ಸ್ಟೇ ತಂತಿಗಳಿಗೆ ಬಣ್ಣದ ಬಟ್ಟೆಯ ಚೂರು ಕಟ್ಟಿ. ಕತ್ತಲಲ್ಲಿ ಎಡವಿ ಬೀಳುವುದು ಮನೆಯವರೇ.

ಸ್ಟೇ ತಂತಿ ಗಟ್ಟಿಯಾದ ಮೇಲೆಯೇ ಮುಖ್ಯ ತಂತಿ ಎಳೆಯಬೇಕು. ಉತ್ತರ, ನಡು, ದಕ್ಷಿಣ ಎಂದು ಮೂರು ಸಾಲು, ಪೂರ್ವದ ಕಂಬದಿಂದ ಪಶ್ಚಿಮದ ಕಂಬಕ್ಕೆ. 12 ಗೇಜಿನ ಜಿ.ಐ. ತಂತಿ ಸಾಕು, ಸ್ಟೇಗೂ ಸೇರಿ ಎರಡರಿಂದ ಎರಡೂವರೆ ಕಿಲೋ ಬೇಕಾದೀತು. ಎರಡನೆಯ ತುದಿ ಬಿಗಿಯುವ ಮೊದಲು ಪ್ರತಿ ತಂತಿಗೂ ಹದಿನೈದರಷ್ಟು ಉಂಗುರಗಳನ್ನು ಪೋಣಿಸಿಡಿ. ಕೀಲಿಗೊಂಚಲಿನ ಉಂಗುರವೋ ಪರದೆಯ ಉಂಗುರವೋ ಆದೀತು.

ಈಗ ಬಲೆ. ಅದನ್ನು ನೆರಳಿನಲ್ಲಿ ಹಾಸಿ, ಉದ್ದದ ಎರಡೂ ಅಂಚುಗಳನ್ನು ಎರಡೆರಡು ಅಂಗುಲ ಒಳಕ್ಕೆ ಮಡಿಚಿ, ಮಡಿಕೆಯೊಳಗೆ ನೈಲಾನ್ ಹಗ್ಗ ಇಟ್ಟು ದಬ್ಬಳದಿಂದ ನೈಲಾನ್ ದಾರ ಹಾಕಿ ಹೊಲಿಯಿರಿ. ಸೆಣಬಿನ ಹುರಿ ಮಳೆಗೆ ಕೊಳೆಯುತ್ತದೆ. ಬೈಂಡಿಂಗ್ ತಂತಿಯಂತೂ ಬೇಡವೇ ಬೇಡ: ಗಾಳಿಗೆ ಅಲುಗಿದಾಗಲೆಲ್ಲ ಅದು ಬಲೆಯ ಎಳೆಯನ್ನು ಗರಗಸದಂತೆ ಕೊಯ್ಯುತ್ತದೆ. ಪಶ್ಚಿಮಕ್ಕೆ ಇಳಿಬೀಳುವ ತುದಿಯ ಮಡಿಕೆಯಲ್ಲಿ ಹನಿ ನೀರಾವರಿಗೆ ಗಿಡದ ಸಾಲಿನುದ್ದ ಹಾಸುವ ಸಣ್ಣ ಪೈಪಿನ (ಡ್ರಿಪ್ ಲ್ಯಾಟರಲ್) ಹಳೆಯ ತುಂಡನ್ನು ತೂರಿಸಿದರೆ ಅಂಚು ನೆಟ್ಟಗೆ ತೂಗುತ್ತದೆ. ಅದೇ ಪೈಪನ್ನು ಉದ್ದಕ್ಕೆ ಸೀಳಿ ಕಂಬದ ತಲೆಗೆ, ಗಳದ ಒರಟು ತುದಿಗಳಿಗೆ ಹೊದಿಸಿ. ಬಲೆ ಹರಿಯುವುದು ಬಹುಪಾಲು ಅಲ್ಲಿಯೇ.

ಒಂದೂವರೆ ಅಡಿಗೊಂದರಂತೆ ಬಲೆಯ ಎರಡೂ ಅಂಚುಗಳನ್ನೂ ನಡುಗೆರೆಯನ್ನೂ ಉಂಗುರಗಳಿಗೆ ಕಟ್ಟಿ. ನಡುಗೆರೆಯಲ್ಲಿ ಬಲೆಗೇ ತೂತು ಮಾಡದೆ ಶೇಡ್ ನೆಟ್ ಕ್ಲಿಪ್ ಬಳಸಿದರೆ ವಾಸಿ. ಬಲೆಯ ಪೂರ್ವದ ತುದಿಯನ್ನು ಅಡ್ಡಗಳಕ್ಕೆ ಶಾಶ್ವತವಾಗಿ ಕಟ್ಟಿ, ಪಶ್ಚಿಮದ ತುದಿಗೆ ಎರಡು ಹಗ್ಗ ಬಿಡಿ. ಎಳೆದರೆ ನೆರಳು, ಬಿಟ್ಟು ಪೂರ್ವಕ್ಕೆ ಸರಿಸಿದರೆ ಬಯಲು.

ಎಳೆಯುವ ಹೊತ್ತು, ಬಿಡುವ ಹೊತ್ತು

ಬೆಳಗಿನ ಬಿಸಿಲು ಗಿಡಕ್ಕೆ ಸಲ್ಲಬೇಕಾದ ಅನ್ನ. ಹನ್ನೊಂದರವರೆಗೆ ಬಯಲಾಗಿರಲಿ, ಹನ್ನೊಂದರಿಂದ ನಾಲ್ಕೂವರೆಯವರೆಗೆ ನೆರಳಿರಲಿ, ಆಮೇಲೆ ಮತ್ತೆ ತೆಗೆಯಿರಿ. ಮನೆಯಲ್ಲಿ ಹಗಲು ಯಾರೂ ಇರುವುದಿಲ್ಲವೆಂದಾದರೆ 35ರ ಬಲೆ ತಂದು ಎಳೆದೇ ಇಡಬಹುದು. 50ರದ್ದಾದರೆ ಕೆಲಸಕ್ಕೆ ಹೊರಡುವಾಗ ಎಳೆದು, ಬಂದ ಮೇಲೆ ತೆಗೆದು, ರಜೆಯ ದಿನ ಬೆಳಗ್ಗೆ ತೆರೆದಿಡಿ. ಮೋಡದ ದಿನ ಎಳೆಯಲೇಬೇಡಿ. ಗಿಡದ ಗೆಣ್ಣುಗಳ ನಡುವಿನ ಅಂತರ ಹಿಗ್ಗುತ್ತಿದೆ, ಎಲೆ ದೊಡ್ಡದಾಗಿ ತೆಳುವಾಗಿದೆ, ಹೂ ಕಡಿಮೆಯಾಗಿದೆ ಎಂದರೆ ನೆರಳು ಅತಿಯಾಗಿದೆ.

ಅಶ್ವಿನಿ, ಭರಣಿ ಮಳೆಗಳು ಬರುವುದು ಗುಡುಗು, ಬಿರುಗಾಳಿಗಳ ಜೊತೆ, ಕೆಲವೊಮ್ಮೆ ಆಲಿಕಲ್ಲಿನ ಜೊತೆ. ಮಧ್ಯಾಹ್ನದ ಮೇಲೆ ಗಾಳಿ ಸ್ತಬ್ಧವಾಗಿ ಸೆಕೆ ಏರಿ ಮೋಡ ಕಟ್ಟಿತೆಂದರೆ ಬಲೆಯನ್ನು ಸರಿಸಿ ಪೂರ್ವದ ಗಳಕ್ಕೆ ಬಿಗಿಯಾಗಿ ಸುತ್ತಿ ಕಟ್ಟಿಬಿಡಿ. ಬಲೆ ಆಲಿಕಲ್ಲನ್ನು ತಡೆಯುತ್ತದಲ್ಲ ಎಂದು ಕೆಲವರು ಬಿಟ್ಟಿರುತ್ತಾರೆ. ಅದಕ್ಕೆಂದೇ ಕಟ್ಟಿದ ಗಟ್ಟಿ ರಚನೆಯಲ್ಲಿ ಆ ಮಾತು ನಿಜ. ನೀಲಗಿರಿ ಕಂಬದ ಮೇಲಿನ ಜಾರುಬಲೆಯಲ್ಲಿ ಬಿರುಗಾಳಿ ಮೊದಲು ಬಲೆಯನ್ನು ಹಾಯಿಯಾಗಿಸಿ ಕಂಬ ಕೀಳುತ್ತದೆ, ಆ ಕಂಬ ಗಿಡದ ಮೇಲೆಯೇ ಬೀಳುತ್ತದೆ.

ನೆರಳು ಬಂದ ಮೇಲೆ ನೀರಿನ ಅಭ್ಯಾಸವನ್ನೂ ಬದಲಿಸಬೇಕು. ಸಾವಿರ ಅಡಿ ಕೊಳವೆಬಾವಿಯ ಸೀಮೆಯಲ್ಲಿ ಇದೇ ದೊಡ್ಡ ಲಾಭ ಎನ್ನಬಹುದು. ಮಣ್ಣು ನಿಧಾನವಾಗಿ ಒಣಗುತ್ತದೆ. ಮೊದಲಿನಷ್ಟೇ ನೀರು ಹಾಯಿಸಿದರೆ ಸಸಿಯ ಬುಡ ಕೊಳೆಯುತ್ತದೆ, ಎಲೆಗೆ ಬೂದಿ ರೋಗ ಬರುತ್ತದೆ. ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಿ, ತೇವ ತಾಗಿದರೆ ಅಂದು ನೀರು ಬೇಡ. ಕೊಡುವುದಾದರೆ ಬೆಳಗ್ಗೆ, ಬುಡಕ್ಕೆ. ಜೊತೆಗೆ ನೆಲಕ್ಕೆ ಮುಚ್ಚಿಗೆ ಇರಲಿ. ರಾಗಿ ಹುಲ್ಲು ದನಕ್ಕೇ ಸಾಲದ ಕಾಲದಲ್ಲಿ ಅದನ್ನು ತೋಟಕ್ಕೆ ಹರಡುವುದು ಸಲ್ಲದು. ಪಾವಗಡ, ಚಿಂತಾಮಣಿ ಕಡೆ ಕಡಲೆಕಾಯಿ ಸಿಪ್ಪೆ, ತಿಪಟೂರು ಕಡೆ ತೆಂಗಿನ ನಾರಿನ ಪುಡಿ, ಎಲ್ಲೆಡೆ ಹೊಂಗೆ ಮತ್ತು ಮಾವಿನ ತರಗೆಲೆ ಆಗುತ್ತದೆ. ನೀಲಗಿರಿ ಎಲೆ ಬೇಡ, ಅದರ ಅಂಶ ಮೊಳಕೆಗೆ ಅಡ್ಡಿ. ಮುಚ್ಚಿಗೆಯನ್ನು ಕಾಂಡದಿಂದ ಮೂರು ಬೆರಳು ದೂರವಿಡಿ, ಗೆದ್ದಲು ಕಂಡರೆ ತೆಗೆದು ಬದಲಿಸಿ.

ಶೇಡ್ ನೆಟ್ ಕೀಟ ತಡೆಯುವ ಬಲೆಯಲ್ಲ. ಅದರ ಕಣ್ಣುಗಳು ಬಿಳಿನೊಣಕ್ಕೆ ಹೆಬ್ಬಾಗಿಲು. ನೆರಳಿನಲ್ಲಿ ಗಾಳಿ ಮಂದವಾದರೆ ಬಿಳಿನೊಣ, ಹಿಟ್ಟು ತಿಗಣೆ ಹೆಚ್ಚುವ ಸಂಭವವಿದೆ. ವಾರಕ್ಕೊಮ್ಮೆ ಎಲೆಯ ಅಡಿ ಮಗುಚಿ ನೋಡಿ. ಗುರುತು ಹತ್ತದ ಕೀಟ, ರೋಗ ಕಂಡರೆ ಎಲೆಯ ಸಮೇತ ಕೋಲಾರದ ಟಮಕ, ಚಿಂತಾಮಣಿಯ ಕುರುಬೂರು, ತುಮಕೂರಿನ ಹಿರೇಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ನಿಮಗೆ ಹತ್ತಿರವಾದದ್ದಕ್ಕೆ ಹೋಗಿ ತೋರಿಸಿ.

ತಾರಸಿಯಲ್ಲಾದರೆ

ಪಟ್ಟಣದ ಆರ್‌ಸಿಸಿ ತಾರಸಿಯ ಮೇಲೆ ಬಿಸಿಲು ಮೇಲಿನಿಂದಷ್ಟೇ ಅಲ್ಲ, ಕೆಳಗಿನಿಂದಲೂ ಸುಡುತ್ತದೆ. ಕುಂಡಗಳನ್ನು ಇಟ್ಟಿಗೆಯ ಮೇಲೆ ಎತ್ತಿಡಿ, ಸುತ್ತಲಿನ ನೆಲಕ್ಕೆ ಸುಣ್ಣ ಬಳಿಯಿರಿ. ಕಂಬಕ್ಕಾಗಿ ತಾರಸಿ ಕೊರೆಯಬೇಡಿ, ಮೊದಲ ಮಳೆಗೇ ಸೋರುತ್ತದೆ. ಹಳೆಯ ಬಣ್ಣದ ಡಬ್ಬಿಗಳಲ್ಲಿ ಜಿ.ಐ. ಪೈಪು ನಿಲ್ಲಿಸಿ ಕಾಂಕ್ರೀಟು ತುಂಬಿ, ಪೈಪನ್ನು ಪ್ಯಾರಾಪೆಟ್ ಗೋಡೆಗೂ ಬಿಗಿದು ಕಟ್ಟಿ. ಮೇಲೆ ಗಾಳಿ ಹೆಚ್ಚು, ಬಲೆ ಕಿತ್ತು ಹಾರಿದರೆ ಬೀಳುವುದು ರಸ್ತೆಗೆ ಅಥವಾ ವಿದ್ಯುತ್ ತಂತಿಗೆ. ಆದ್ದರಿಂದ ಇಲ್ಲಿ ಬಲೆ ಚಿಕ್ಕದಿರಲಿ. ಕುಂಡಗಳನ್ನು ಒಂದೆಡೆ ಒತ್ತಾಗಿ ಜೋಡಿಸಿ ಅಷ್ಟಕ್ಕೆ ಮಾತ್ರ ನೆರಳು ಮಾಡಿ. ಪಶ್ಚಿಮದ ಇಳಿಬಲೆ ತಾರಸಿಯಲ್ಲಿಯೂ ಬೇಕು.

ತೆಗೆಯುವುದು, ಎತ್ತಿಡುವುದು

ಮೃಗಶಿರ ಮಳೆ ಹಿಡಿದು ಜೂನಿನ ಮೋಡ ಕವಿದ ಮೇಲೆ ಚಪ್ಪರದ ಮೇಲೆ ಬಲೆ ಇರಬಾರದು. ನೆರಳಿಗೆ ಒಗ್ಗಿದ ಎಲೆ ದಿಢೀರನೆ ಬಂದ ಬಿಸಿಲಿಗೆ ಸುಡುತ್ತದೆ, ಹಾಗಾಗಿ ಒಂದು ವಾರ ಎಳೆಯುವ ಹೊತ್ತನ್ನು ದಿನವೂ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತ ಬಂದು, ಮೋಡದ ದಿನವೊಂದರಲ್ಲಿ ಇಳಿಸಿ. ಕಂಬ, ತಂತಿ ಹಾಗೆಯೇ ಇರಲಿ. ಮುಂಗಾರಿನಲ್ಲಿ ಅವುಗಳ ಮೇಲೆ ಹೀರೆಯೋ ಹಾಗಲವೋ ಹಬ್ಬಿಸಬಹುದು; ಉಂಗುರಗಳನ್ನು ಮಾತ್ರ ಒಂದು ತುದಿಗೆ ತಳ್ಳಿ ಕಟ್ಟಿಡಿ.

ಬಲೆಯನ್ನು ಬರಿಯ ನೀರಿನಲ್ಲಿ ತೊಳೆದು, ದೂಳು ಹೋಗಲು ಮೆತ್ತನೆಯ ಪೊರಕೆಯಿಂದ ಉಜ್ಜಿ, ಪೂರ್ತಿ ಒಣಗಿಸಿ ಸುತ್ತಿ. ರಾಗಿ ಮೂಟೆಯ ಪಕ್ಕದಲ್ಲಿ ಇಟ್ಟರೆ ಇಲಿ ಅದರಲ್ಲಿ ಗೂಡು ಮಾಡುತ್ತದೆ. ಅಟ್ಟದ ತೊಲೆಗೆ ನೇತುಹಾಕುವುದು ಸುರಕ್ಷಿತ. ಒಳ್ಳೆಯ ಬಲೆ ಹೀಗೆ ವರ್ಷಕ್ಕೆ ಮೂರು ತಿಂಗಳು ಮಾತ್ರ ದುಡಿದರೆ ಹಲವು ಬೇಸಿಗೆ ಬಾಳುತ್ತದೆ. ಉಗುರಿಗೆ ಪುಡಿಯಾಗತೊಡಗಿದ ದಿನ ಅದನ್ನು ಕೈಬಿಡಿ. ಉದುರಿದ ಎಳೆಗಳು ಮಣ್ಣಿನಲ್ಲಿ ಕರಗುವುದಿಲ್ಲ, ಸೊಪ್ಪಿನ ಜೊತೆ ಹಸುವಿನ ಹೊಟ್ಟೆಗೂ ಹೋಗುತ್ತವೆ. ಬೇಲಿಯ ಪಕ್ಕದಲ್ಲಿ ಸುಡುವುದು ಬೇಡ. ಇನ್ನೂ ಗಟ್ಟಿಯಾಗಿರುವ ತುಂಡುಗಳನ್ನು ಕುಂಡದ ತಳದ ತೂತಿಗೆ ಹಾಸಲು ಇಟ್ಟುಕೊಂಡು ಉಳಿದದ್ದನ್ನು ಒಣಕಸದ ಜೊತೆ ಕೊಟ್ಟುಬಿಡಿ.